ಮನೆ ಬಿಟ್ಟು ಬಂದವರ ಇಂಗ್ಲಿಷ್ ಶಾಲೆ

ನನಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ನಮ್ಮ ಮನೆಯ ಮಕ್ಕಳು ಮೊಮ್ಮಕ್ಕಳೆಲ್ಲ ನನ್ನ ಎದುರಿಗೇ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಇದ್ದದ್ದನ್ನು ಇಲ್ಲ ಎನ್ನುವ ಅಭ್ಯಾಸ ನನಗಿಲ್ಲ. ಆದರೆ ಹೊಟ್ಟೆಕಿಚ್ಚಿಗೂ ಒಂದು ನ್ಯಾಯ ಇರುತ್ತದೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಸವಣೂರಿನ ನಮ್ಮ ಮನೆಯ ವಖಾರಿಯಲ್ಲಿ, ಅಂದರೆ ಸರಕು ತುಂಬಿಡುವ ಕೋಣೆಯಲ್ಲಿ, ಕೆಲವು ತಿಂಗಳು ಒಂದು ಇಂಗ್ಲಿಷ್ ಕ್ಲಾಸು ನಡೆಯಿತು. ಅದಕ್ಕೆ ಫೀ ಇರಲಿಲ್ಲ, ಪರೀಕ್ಷೆ ಇರಲಿಲ್ಲ, ವಯಸ್ಸಿನ ಮಿತಿಯೂ ಇರಲಿಲ್ಲ. ನಮ್ಮದೇ ಮನೆಯ ಗೋಡೆಯ ಆಚೆ ನಡೆಯುತ್ತಿದ್ದ ಆ ಕ್ಲಾಸಿನಲ್ಲಿ ನನಗೊಬ್ಬಳಿಗೆ ಜಾಗ ಇರಲಿಲ್ಲ. ಅದರ ಮಾತು ಬಂದರೆ ನನ್ನ ಮುಖ ಈಗಲೂ ಬಿಗಿಯುತ್ತದೆ.

ನಾನು ಹುಟ್ಟಿದ್ದು ರಟ್ಟೀಹಳ್ಳಿಯಲ್ಲಿ. ಅಲ್ಲಿಯ ಕನ್ನಡ ಶಾಲೆಯಲ್ಲಿ ಓದಿ, ಗಾಡಿ ಕಟ್ಟಿಸಿಕೊಂಡು ಹಿರೇಕೆರೂರಿಗೆ ಹೋಗಿ ಕನ್ನಡ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂತು ಪಾಸಾದೆ. ಆ ವರ್ಷ ಪರೀಕ್ಷೆಗೆ ಕೂತ ಹುಡುಗಿಯರನ್ನು ಎಣಿಸಲು ಒಂದು ಕೈಯ ಬೆರಳುಗಳೂ ಹೆಚ್ಚಾಗುತ್ತಿದ್ದವು. ಇವಳನ್ನು ಧಾರವಾಡಕ್ಕೆ ಕಳಿಸಿ ಇಂಗ್ಲಿಷ್ ಓದಿಸಿರಿ ಎಂದು ಶಾಲೆಯ ಮಾಸ್ತರರು ಅಪ್ಪನಿಗೆ ಹೇಳಿದರು. ಅಪ್ಪ ಹೂಂ ಅಂದ. ನಾನು ಆ ಹೂಂ ಅನ್ನು ನಂಬಿ ಮನೆಯಲ್ಲಿದ್ದ ಹಳೆಯ ಟ್ರಂಕಿಗೆ ಬಣ್ಣ ಹಚ್ಚಿಸಿಕೊಂಡೆ. ಆ ಟ್ರಂಕು ಧಾರವಾಡಕ್ಕೆ ಹೋಗಲಿಲ್ಲ, ಮದುವೆಯ ಸೀರೆಗಳನ್ನು ತುಂಬಿಕೊಂಡು ಸವಣೂರಿಗೆ ಹೋಯಿತು.

ಸವಣೂರು ಆಗ ನವಾಬರ ಸಂಸ್ಥಾನ. ಸುತ್ತಲಿನ ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು ಎಲ್ಲ ಇಂಗ್ರೇಜಿ ಇಲಾಖೆ, ಅಂದರೆ ಬ್ರಿಟಿಷರ ಸೀಮೆ, ನಡುವೆ ಸವಣೂರಿನದೇ ಬೇರೆ ಕಾರುಬಾರು. ನನ್ನ ದಿಬ್ಬಣದ ಗಾಡಿಗಳನ್ನು ಗಡಿಯ ಸುಂಕದ ನಾಕೆಯ ಹತ್ತಿರ ನಿಲ್ಲಿಸಿ ಸಿಪಾಯಿಯೊಬ್ಬ ಒಳಗೆ ಏನಿದೆ ಎಂದು ಬಗ್ಗಿ ನೋಡಿದ್ದ. ನಾನಿದ್ದೆ, ಅಳುತ್ತಾ ಕೂತಿದ್ದೆ. ಸುಂಕ ಹಾಕುವಂಥದು ಏನೂ ಇಲ್ಲ ಎಂದು ಬಿಟ್ಟುಬಿಟ್ಟ.

ಮಾವನದು ವೀಳ್ಯದೆಲೆಯ ವ್ಯಾಪಾರ. ಮನೆಯಲ್ಲಿ ಮಾವ, ಅತ್ತೆ, ನನ್ನ ಗಂಡ, ನಾನು. ತೋಟದಿಂದ ಬುಟ್ಟಿಗಟ್ಟಲೆ ಎಲೆ ಬರುತ್ತಿತ್ತು. ಅದನ್ನು ನೀರಿಗೆ ಹಾಕಿ, ಕೊಳೆತದ್ದು ತೂತು ಬಿದ್ದದ್ದು ತೆಗೆದು, ತೊಟ್ಟುಗಳನ್ನೆಲ್ಲ ಒಂದೇ ಕಡೆಗೆ ಹೊಂದಿಸಿ, ಬಾಳೆಯ ನಾರಿನಿಂದ ಕಟ್ಟು ಕಟ್ಟಿ ಕೊಟ್ಟರೆ ಗಾಡಿ ಯಲವಿಗಿ ಸ್ಟೇಷನ್ನಿಗೆ ಹೊರಡುತ್ತಿತ್ತು. ಈ ಕೆಲಸ ಮನೆಯ ಹೆಂಗಸರದು, ಅಂದರೆ ಅತ್ತೆಯದು ಮತ್ತು ನನ್ನದು. ಮದುವೆಯಾದ ಹೊಸತರಲ್ಲಿ ನಾನು ಒಂದು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಎಲೆಯ ಮುಂದೆ ಕೂತಿದ್ದೆ. ಅತ್ತೆ ಬೈಯಲಿಲ್ಲ, ಕಸಿದುಕೊಳ್ಳಲೂ ಇಲ್ಲ. “ಎಲಿ ಒಣಗತಾವು” ಎಂದಳು. ನಮ್ಮತ್ತೆಯ ಮಾತೇ ಹಾಗೆ, ಒಂದು ಸಲಕ್ಕೆ ಎರಡು ಶಬ್ದ ಆಡಿದರೆ ಹೆಚ್ಚು. ಪುಸ್ತಕ ಅವತ್ತೇ ಟ್ರಂಕಿನ ತಳ ಸೇರಿತು.

ನಮ್ಮ ಎಲೆ ಮುಂಬಯಿಗೂ, ಅಲ್ಲಿಂದ ಹಡಗಿನಲ್ಲಿ ಕರಾಚಿಗೂ ಹೋಗುತ್ತಿತ್ತು. ಕರಾಚಿಯಲ್ಲಿ ಅದನ್ನು ಇಳಿಸಿಕೊಂಡು ಮಾರಿಕೊಡುತ್ತಿದ್ದ ಒಬ್ಬ ಸಿಂಧಿ ದಲಾಲರಿದ್ದರು. ಮಾವ ಅವರ ಮುಖ ನೋಡಿದವರಲ್ಲ, ಆದರೂ ನಂಬಿಕೆ ಗಟ್ಟಿಯಾಗಿತ್ತು. ದೇಶ ಎರಡಾದ ವರ್ಷ, ದೀಪಾವಳಿ ಮುಗಿದ ಮೇಲೆ, ಆ ಮುದುಕರು ತಮ್ಮ ಸೊಸೆಯನ್ನು ಕರೆದುಕೊಂಡು ಯಲವಿಗಿಯಲ್ಲಿ ರೈಲು ಇಳಿದರು. ಎಲೆ ಇಳಿಸಲು ಹೋಗಿದ್ದ ನಮ್ಮ ಗಾಡಿಯಲ್ಲೇ ಕೂತು ಮನೆಗೆ ಬಂದರು. ಸವಣೂರು ಎಂಬ ಹೆಸರು ಅವರಿಗೆ ಬುಟ್ಟಿಗಳ ಮೇಲಿನ ಗುರುತಿನಿಂದ ಗೊತ್ತಿತ್ತಷ್ಟೆ. ಮಗ ಮುಂಬಯಿಯಲ್ಲಿ ಉಳಿದು ಇರಲು ಜಾಗ ಹುಡುಕುತ್ತಿದ್ದ. ಸಿಗುವವರೆಗೆ ನಮ್ಮ ಮನೆಯ ಹೊರಗಿನ ಪಡಸಾಲೆಯಲ್ಲಿ ಇರಲಿ ಎಂದು ಮಾವ ಹೇಳಿದರು.

ಆಕೆ ನನ್ನ ಓರಗೆಯವಳು. ಸಲವಾರು ತೊಟ್ಟು ತಲೆ ತುಂಬ ದುಪಟ್ಟ ಹೊದ್ದುಕೊಳ್ಳುತ್ತಿದ್ದಳು. ಆಕೆಯ ಬೆರಳುಗಳು ನನ್ನ ಕಣ್ಣಿಗೆ ಮೊದಲು ಬಿದ್ದವು. ನನ್ನವು ಎಲೆಯ ನೀರಿನಲ್ಲಿ ನೆನೆದು ನೆನೆದು ಸುಕ್ಕಾಗಿ, ಊಟಕ್ಕೆ ಕೂತರೂ ಎಲೆಯ ವಾಸನೆ ಹೊಡೆಯುತ್ತಿದ್ದವು. ಆಕೆಯವು ಎಲ್ಲ ಕಳೆದುಕೊಂಡು ಬಂದ ಹೆಣ್ಣಿನವೆಂದು ಹೇಳಲು ಬಾರದಷ್ಟು ನುಣುಪಾಗಿದ್ದವು.

ಅದೇ ಹೊತ್ತಿಗೆ ಮೊಗಲಾಯಿಯಿಂದ, ಅಂದರೆ ನಿಜಾಮರ ಸೀಮೆಯಿಂದ, ಗಲಾಟೆಗೆ ಹೆದರಿ ಬಂದ ಕೆಲವು ಕುಟುಂಬಗಳೂ ಊರಿನಲ್ಲಿ ಅಲ್ಲಲ್ಲಿ ಇಳಿದುಕೊಂಡಿದ್ದವು. ಇವರನ್ನೆಲ್ಲ ನೋಡಿ ಕರುಳು ಚುರುಕ್ ಎಂದದ್ದು ನಮ್ಮ ಓಣಿಯ ಮಾಸ್ತರರಿಗೆ. ಶಿಗ್ಗಾವಿ ಕಡೆಯವರು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದರು. ರೇಷನ್ನು, ಪರ್ಮಿಟ್ಟು, ನಿರಾಶ್ರಿತರ ಕ್ಯಾಂಪಿನಲ್ಲಿ ಜಾಗ, ಏನು ಬೇಕಾದರೂ ಸಾಹೇಬರ ಮುಂದೆ ನಿಂತು ಇಂಗ್ಲಿಷಿನಲ್ಲಿ ಕೇಳಬೇಕು, ಇವರಿಗೆ ಅದು ಬರುವುದಿಲ್ಲ, ಬಾಯಿಲ್ಲದವರ ಹಾಗೆ ಬಾಗಿಲಿಂದ ಬಾಗಿಲಿಗೆ ಅಲೆಯುತ್ತಾರೆ ಎಂದು ಅವರಿಗೆ ಸಂಕಟ. ಸಂಜೆ ಹೊತ್ತು ಪುಕ್ಕಟೆ ಕಲಿಸುತ್ತೇನೆ, ಒಂದು ಜಾಗ ಕೊಡಿರಿ ಎಂದು ಮಾವನನ್ನು ಕೇಳಿದರು. ಕರಾಚಿಗೆ ಹೋಗುವ ಎಲೆ ನಿಂತು ವಖಾರಿಯ ಅರ್ಧ ಖಾಲಿ ಬಿದ್ದಿತ್ತು. ಮಾವ ಕೊಟ್ಟರು.

ವಖಾರಿ ಇದ್ದದ್ದು ನಾನು ಎಲೆ ಕಟ್ಟುವ ಖೋಲಿಯ ಪಕ್ಕದಲ್ಲಿ, ನಡುವೆ ಒಂದೇ ಗೋಡೆ. ಗೋಡೆಗೆ ಕಿವಿ ಕೊಟ್ಟು ಇಂಗ್ಲಿಷ್ ಕಲಿತೆ ಎಂದು ಯಾರಾದರೂ ಕಥೆ ಹೇಳಿದರೆ ನಂಬಬೇಡಿರಿ. ಅದು ಮಣ್ಣಿನ ಗೋಡೆ, ಒಂದು ಎತ್ತು ಅಡ್ಡ ನಿಲ್ಲುವಷ್ಟು ದಪ್ಪ. ಆಚೆಯಿಂದ ಗುಂಯ್ ಎನ್ನುವ ಸದ್ದು ಬರುತ್ತಿತ್ತೇ ಹೊರತು ಒಂದು ಅಕ್ಷರ ದಾಟಿ ಬರುತ್ತಿರಲಿಲ್ಲ.

ಕರಾಚಿಯವಳು ತನ್ನ ಮಾವನ ಜೊತೆ ಹೋಗಿ ಅಲ್ಲಿ ಕೂರುತ್ತಿದ್ದಳು. ಬಂದ ಮೇಲೆ ಪಡಸಾಲೆಯಲ್ಲಿ ಪಾಟಿ ಬಳಪ ಹಿಡಿದು ಬಾಯಲ್ಲಿ ಮಣಮಣ ಅನ್ನುತ್ತಾ ಕೂತಿರುತ್ತಿದ್ದಳು. ಆಗ ನಮ್ಮತ್ತೆ, ನನ್ನ ಪುಸ್ತಕಕ್ಕೆ ಎಲೆ ಒಣಗುತ್ತದೆ ಎಂದ ಅದೇ ಅತ್ತೆ, ಒಳಗಿನಿಂದ ಕಂದೀಲು ತಂದು ಆಕೆಯ ಮುಂದಿಟ್ಟು ಬತ್ತಿ ಏರಿಸುತ್ತಿದ್ದಳು. ರೊಟ್ಟಿ ಬಿಸಿ ಇದ್ದಾಗಲೇ ಆಕೆಗೆ ಬಡಿಸಬೇಕು. ಆಕೆ ಎದ್ದು ಪಾತ್ರೆಗೆ ಕೈ ಹಚ್ಚಲು ಬಂದರೆ, “ಓದ್ಲಿ ಬಿಡು, ಪಾಪ” ಎಂದು ನನಗೆ ಹೇಳುತ್ತಿದ್ದಳು. ಕ್ಲಾಸು ನಡೆಯುವಾಗ ಚಹಾ ಒಯ್ಯುವುದೂ ಅತ್ತೆಯೇ. ಹೋದರೆ ಬೇಗ ಬರುತ್ತಿರಲಿಲ್ಲ. ಆ ಹುಡುಗಿಯ ಮೇಲಿನ ಮಮತೆಗೆ ಅಲ್ಲೇ ನಿಂತಿರುತ್ತಾಳೆ ಎಂದು ನನಗೆ ಮೈಯೆಲ್ಲ ಉರಿ. ನಾನು ಆ ಮನೆಗೆ ಬಂದಂದಿನಿಂದ ನನ್ನ ವಿಷಯಕ್ಕೆ ಯಾರೂ ಪಾಪ ಅಂದಿರಲಿಲ್ಲ.

ಆಕೆಯ ದುಃಖ ನನಗೆ ಕಾಣುತ್ತಿರಲಿಲ್ಲವೆಂದಲ್ಲ. ಮಾತಾಡುತ್ತ ಮಾತಾಡುತ್ತ ನಡುವೆ ನಿಂತುಬಿಡುತ್ತಿದ್ದಳು, ಮುಂದಿನ ಮಾತು ಆ ಊರಿನಲ್ಲೇ ಉಳಿದಿದೆ ಎನ್ನುವ ಹಾಗೆ. ಅದು ಕಾಣುತ್ತಿತ್ತು, ಆದರೂ ಹೊಟ್ಟೆ ಉರಿಯುತ್ತಿತ್ತು. ಎರಡೂ ಒಂದೇ ಹೊಟ್ಟೆಯಲ್ಲಿ ಇರಬಲ್ಲವು. ಇಂಗ್ಲಿಷ್ ಬೇಕಾದರೆ ಮೊದಲು ಮನೆ ಕಳೆದುಕೊಳ್ಳಬೇಕೇನು ಎಂದು ಎಲೆಗಳಿಗೆ ಕೇಳುತ್ತಿದ್ದೆ.

ಒಂದು ಮಧ್ಯಾಹ್ನ ಆಕೆಯೇ ನನ್ನ ಹತ್ತಿರ ಬಂದು ಕೂತು, ಪಾಟಿಯನ್ನು ನನ್ನ ಕಡೆ ತಿರುಗಿಸಿ, ನೀನೂ ಬರೆ ಎಂದು ಉರ್ದುವಿನಲ್ಲಿ ಹೇಳಿದಳು. ಸವಣೂರಿನಲ್ಲಿದ್ದವರಿಗೆ ಅಷ್ಟು ಉರ್ದು ತಿಳಿಯುತ್ತದೆ. ನಾನು ತಿಳಿಯದವಳ ಹಾಗೆ ಎಲೆ ಕಟ್ಟುತ್ತಾ ಕೂತೆ. ಎಂಜಲು ಇಂಗ್ಲಿಷ್ ನನಗೆ ಬೇಕಿರಲಿಲ್ಲ. ಕಲಿತರೆ ಮಾಸ್ತರರ ಮುಂದೆ, ಜಮಖಾನೆಯ ಮೇಲೆ, ನನ್ನದೇ ಪಾಟಿ ಹಿಡಿದು ಕೂತು ಕಲಿಯಬೇಕು. ನನ್ನ ಗಂಡನಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೇ ಎಂದು ಕೇಳಬಹುದು. ಅವರು ಮ್ಯಾಟ್ರಿಕ್ ಕೂತು ಫೇಲಾದವರು, ಅದೂ ಇಂಗ್ಲಿಷಿನಲ್ಲೇ.

ಸಂಕ್ರಾಂತಿಯ ಸುಮಾರಿಗೆ ಧೈರ್ಯ ಮಾಡಿ ಗಂಡನಿಗೆ ಹೇಳಿದೆ. ಅವರು ಒಳ್ಳೆಯವರು, ಹೋಗಿ ಮಾಸ್ತರರನ್ನು ಕೇಳಿ ಬಂದರು. ಮಾಸ್ತರರ ಉತ್ತರವನ್ನು ಹೇಳಿದ ಹಾಗೇ ಒಪ್ಪಿಸಿದರು. “ಊರವ್ರಿಗೆ ಬಾಗಲಾ ತಗದ್ರ ಮ್ಯಾಟ್ರಿಕ್ ಹುಡುಗೂರೆಲ್ಲಾ ಬಂದು ಮುಂದ ಕುಂದರ್ತಾವ, ಮನಿ ಬಿಟ್ಟ ಬಂದವ್ರು ಮತ್ತ ಹಿಂದ ಬೀಳ್ತಾರ. ಇದು ಮನಿ ಬಿಟ್ಟ ಬಂದವ್ರಿಗಷ್ಟ ಅಂದ್ರು.”

ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪಿಲ್ಲದ ಮಾತಿನ ಮೇಲೆ ಸಿಟ್ಟು ಮಾಡುವುದು ಬಲು ಕಷ್ಟ. ನಾನು ಆ ಮಾತನ್ನೇ ಬೆಲ್ಲದ ಹಾಗೆ ಬಾಯಲ್ಲಿಟ್ಟುಕೊಂಡು ಆಡಿಸುತ್ತಿದ್ದೆ. ಮನೆ ಬಿಟ್ಟು ಬಂದವರಿಗೆ ಅಷ್ಟೆ. ಮನೆ ಬಿಟ್ಟು ಬಂದವರಿಗೆ. ಒಂದು ದಿನ ಎಲೆ ತೊಳೆಯುತ್ತಿದ್ದಾಗ ಥಟ್ಟನೆ ಹೊಳೆಯಿತು. ಹೊಳೆದದ್ದನ್ನು ತಡೆದುಕೊಳ್ಳಲಾಗಲಿಲ್ಲ, ಎದುರಿಗಿದ್ದ ಅತ್ತೆಗೇ ಹೇಳಿಬಿಟ್ಟೆ.

“ಅತ್ತೀ, ನಾನೂ ಮನಿ ಬಿಟ್ಟ ಬಂದಾಕೀನ ಅಲ್ಲೇನ್ರಿ? ನಮ್ಮೂರು ಇಂಗ್ರೇಜಿ ಇಲಾಖಾ, ಇದು ನವಾಬರ ಸಂಸ್ಥಾನ. ನಾಕಾ ದಾಟಿ ಬಂದೇನಿ, ಸಿಪಾಯಿ ಗಾಡಿ ತಡದು ನೋಡ್ಯಾನ. ಅವ್ರು ಒಂದ ದೇಶದಿಂದ ಇನ್ನೊಂದ ದೇಶಕ್ಕ ಬಂದ್ರು ಅಂದ್ರ ನಾನೂ ಬಂದಂಗ ಆತಲ್ರಿ. ಮಾಸ್ತರ್ರಿಗೆ ನೀವ ಒಂದ ಮಾತ ಹೇಳ್ರಿ.”

ಅತ್ತೆಯ ಕೈಯಲ್ಲಿ ಒಂದು ಎಲೆ ಇತ್ತು. ಅದನ್ನು ಕಟ್ಟಿಗೂ ಹಾಕಲಿಲ್ಲ, ಬುಟ್ಟಿಗೂ ಹಾಕಲಿಲ್ಲ.

“ಈ ಮಾತ ಯಾರ ಹೇಳಿಕೊಟ್ರು ನಿನಗ?”

“ಯಾರೂ ಇಲ್ರಿ. ನಂದ.”

“ಹೂಂ” ಎಂದಳು. ಆ ಎಲೆಯನ್ನು ಕಟ್ಟಿಗೆ ಸೇರಿಸುತ್ತಾ, “ನಾಳೆ ಹೋಗಿ ಕೇಳ್ತೇನಿ” ಎಂದಳು.

ಒಂದು ಹೂಂ ನಂಬಿ ಕೆಟ್ಟವಳು ನಾನು, ಮತ್ತೆ ನಂಬಿದೆ. ಮರುದಿನ ಅತ್ತೆ ಇಳಕಲ್ಲ ಸೀರೆ ಉಟ್ಟು, ತಲೆ ಬಾಚಿಕೊಂಡು, ಚಹಾದ ಕೆಟಲು ಹಿಡಿದು ವಖಾರಿಗೆ ಹೋದಳು. ಸೊಸೆಯ ಪರವಾಗಿ ಮಾತಾಡಲು ಇಷ್ಟು ಸಿಂಗಾರ ಮಾಡಿಕೊಂಡಳಲ್ಲ ಎಂದು ನನಗೆ ಆಕೆಯ ಮೇಲೆ ಪ್ರೀತಿಯೇ ಉಕ್ಕಿತು. ಎಲೆಯ ವಾಸನೆ ಹೋಗಲೆಂದು ಹುಣಸೆಹಣ್ಣು ತಿಕ್ಕಿ ಕೈ ತೊಳೆದುಕೊಂಡು ಕೂತೆ. ಅತ್ತೆ ಬಂದಳು. ಸೆರಗಿನ ಕೆಳಗೆ ಒಂದು ಹೊಸ ಪಾಟಿ ಇತ್ತು.

“ಮಾಸ್ತರ್ರು ಒಪ್ಪಿದ್ರು” ಎಂದಳು.

ನಾನು ಪಾಟಿಗೆ ಕೈ ಚಾಚಿದೆ. ಆಕೆ ಅದನ್ನು ಗೂಡಿನಲ್ಲಿಟ್ಟಳು.

“ನಾಳಿಂದ ನಾ ಹೋಗಿ ಕುಂದರ್ತೇನಿ. ಚಾ ಇನ್ನಮ್ಯಾಲ ನೀ ತೊಗೊಂಡ ಬಾ.”

ನಡೆದದ್ದನ್ನು ನನ್ನ ಗಂಡ ನಗುತ್ತಾ ಹೇಳಿದರು. ಅತ್ತೆ ಮಾಸ್ತರರ ಮುಂದೆ ನಿಂತು, ನಾನೂ ಮನೆ ಬಿಟ್ಟು ಬಂದವಳೇ, ಹಾನಗಲ್ಲಿನಿಂದ, ಇನ್ನೂ ಲಂಗ ಉಡುವಾಗ ನಾಕೆ ದಾಟಿ ಬಂದೆ, ಇಲ್ಲಿ ಕೂತವರ ಪೈಕಿ ಎಲ್ಲರಿಗಿಂತ ಮೊದಲು ಬಂದವಳು ನಾನೇ ಎಂದು ಹೇಳಿದಳಂತೆ. ಅಷ್ಟು ಉದ್ದದ ಮಾತನ್ನು ಆಕೆ ಆಡಿದ್ದನ್ನು ಮನೆಯವರು ಯಾರೂ ಕೇಳಿರಲಿಲ್ಲ. ಮಾಸ್ತರರು ಕೆಮ್ಮು ಬರುವವರೆಗೆ ನಕ್ಕು, ಬಂದು ಕುಂತ್ಕೊಳ್ರಿ ಎಂದರಂತೆ. ಜಾಗ ಕೊಟ್ಟ ಯಜಮಾನರ ಹೆಂಡತಿಗೆ ಬೇಡ ಅನ್ನುವುದಾದರೂ ಹೇಗೆ.

ಮಾತು ನನ್ನದು, ಜಾಗ ಆಕೆಯದು. ಅವತ್ತು ರಾತ್ರಿ ನಾನು ಊಟ ಮಾಡಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ, ಅತ್ತೆ ಮಾತ್ರ ನನ್ನ ಪಾಲಿನ ರೊಟ್ಟಿ ಮುಚ್ಚಿಟ್ಟಳು. ಕರಾಚಿಯವಳ ಮೇಲಿನ ಹೊಟ್ಟೆಕಿಚ್ಚು ಒಂದು ತೂಕವಾದರೆ ಅತ್ತೆಯ ಮೇಲಿನದು ಹತ್ತು ತೂಕ. ಆಕೆ ಹೊರಗಿನವಳು, ನಾಳೆ ಹೋಗುವವಳು. ಇವಳು ನನ್ನ ಮಾತನ್ನೇ ಕದ್ದು, ಅದನ್ನೇ ಏಣಿ ಮಾಡಿಕೊಂಡು ಹತ್ತಿ, ಮೇಲೆ ಹೋದ ಮೇಲೆ ಏಣಿ ಎಳೆದುಕೊಂಡಳು. ನಾನು ಒಬ್ಬಳೇ ಎಲೆ ಕಟ್ಟತೊಡಗಿದೆ. ಸಂಜೆಯ ಪಾಲಿನ ಕೆಲಸವೆಲ್ಲ ನನ್ನ ತಲೆಯ ಮೇಲೆ ಬಿತ್ತು.

ಆದರೂ ಆಸೆ ಬಿಡಲಿಲ್ಲ. ಅತ್ತೆಗೆ ಒಪ್ಪಿದ ಮಾತು ನನಗೂ ಒಪ್ಪಬೇಕಲ್ಲ. ಕೆಲವು ವಾರ ಸಿಟ್ಟು ನುಂಗಿಕೊಂಡು, ಹೋಳಿಯ ಮುಂಚೆ ಒಂದು ಸಂಜೆ, ಮಾಸ್ತರರು ವಖಾರಿಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ತಲೆಯ ಮೇಲೆ ಸೆರಗು ಹೊದ್ದು ಎದುರಿಗೆ ನಿಂತೆ. ನಾಕೆ, ಸಿಪಾಯಿ, ಇಂಗ್ರೇಜಿ ಇಲಾಖೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು.

“ತಡಾ ಮಾಡಿದಿಯಲ್ಲವ್ವಾ” ಎಂದರು. “ಸಂಸ್ಥಾನ ಮೊನ್ನೆ ಹೋತು. ಸವಣೂರೂ ಈಗ ಮುಂಬೈ ಪ್ರಾಂತ, ನಿಮ್ಮ ರಟ್ಟೀಹಳ್ಳೀನೂ ಮುಂಬೈ ಪ್ರಾಂತ. ನಾಕಾ ಕಿತ್ತ ಹಾಕ್ಯಾರ. ಈಗ ನೀ ಎಲ್ಲಿಂದ ಎಲ್ಲಿಗೆ ಬಂದಂಗಾತು?”

“ಹಂಗಾರ ನಮ್ಮತ್ತೀರಿ?”

“ಅವ್ರು ಮದಲ ಸೇರಿದವ್ರು. ಸೇರಿದವ್ರನ್ನ ಹ್ಯಾಂಗ ತಗೀಲಿ?”

ಸವಣೂರು ಮುಂಬಯಿ ಪ್ರಾಂತಕ್ಕೆ ಸೇರಿದ್ದನ್ನು ಊರಿನಲ್ಲಿ ಸಕ್ಕರೆ ಹಂಚಿ ಸಂಭ್ರಮಿಸಿದ್ದರು. ನಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಿದ್ದೆ. ಆ ಸಕ್ಕರೆ ನನ್ನ ಪಾಲಿಗೆ ಏನು ಮಾಡಿತೆಂದು ಆಗ ಗೊತ್ತಾಯಿತು. ಒಳಗಿನಿಂದ ಅತ್ತೆ ನೋಡುತ್ತಿದ್ದಳು. ನಾನು ಚಹಾ ತರಲು ತಿರುಗಿ ಹೋದೆ.

ಅದಾದ ಕೆಲವು ದಿನಕ್ಕೆ ಮೊಗಲಾಯಿಯಿಂದ ಇನ್ನೊಂದು ಕುಟುಂಬ ಬಂತು. ಹೊಸಬರು ಬಂದಾಗ ಮಾಸ್ತರರು ಮೊದಲ ಪಾಠವನ್ನು ಎಲ್ಲರಿಂದಲೂ ಮತ್ತೊಮ್ಮೆ ಹೇಳಿಸುತ್ತಿದ್ದರು. ನಾನು ಕೆಟಲು ಹಿಡಿದು ಬಾಗಿಲಿಗೆ ಬಂದಾಗ ಅದೇ ನಡೆದಿತ್ತು. ಒಬ್ಬೊಬ್ಬರಾಗಿ ಎದ್ದು, ಮೈ ನೇಮ್ ಈಸ್ ಎಂದು ಶುರು ಮಾಡಿ ಹೆಸರು ಹೇಳಿ ಕೂರಬೇಕು. ಸಿಂಧಿ ಮುದುಕರು ಹೇಳಿದರು. ಕರಾಚಿಯವಳು ನಿರರ್ಗಳವಾಗಿ ಹೇಳಿದಳು, ನನಗೆ ರೂಢಿಯ ಉರಿ ಹತ್ತಿತು. ಆಮೇಲೆ ಅತ್ತೆ ಎದ್ದು ನಿಂತಳು.

“ಮೈ ನೇಮ್ ಈಸ್” ಎಂದು ಒಂದು ಹೆಸರು ಹೇಳಿದಳು.

ಆ ಹೆಸರನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ನಮ್ಮ ಮನೆಯಲ್ಲಿ, ಊರಿನಲ್ಲಿ ಆಕೆಯ ಹೆಸರು ಬೇರೆ ಇತ್ತು, ಉದ್ದದ್ದು, ಗಂಭೀರವಾದದ್ದು. ಇದು ಸ್ವಲ್ಪ ಕುಣಿಯುವ ಹೆಸರು, ಅಂಗಳದಲ್ಲಿ ಆಡುವ ಹುಡುಗಿಯನ್ನು ಊಟಕ್ಕೆ ಕೂಗಿ ಕರೆಯುವಂಥದು. ನಮ್ಮ ಮನೆತನಗಳಲ್ಲಿ ಮದುವೆಯ ದಿನ ಮದುಮಗಳಿಗೆ ಗಂಡನ ಮನೆಯವರು ಹೊಸ ಹೆಸರಿಡುತ್ತಾರೆ. ಹಳೆಯದು ತವರಿನಲ್ಲೇ ಉಳಿಯುತ್ತದೆ, ಅದನ್ನು ಜೊತೆಗೆ ತರುವ ಹಾಗಿಲ್ಲ. ಅತ್ತೆಗೂ ಅಂಥದೊಂದು ಇತ್ತೆಂದು ನಾನು ಯೋಚಿಸಿಯೇ ಇರಲಿಲ್ಲ.

ಮಾಸ್ತರರು ಆಕೆಯನ್ನು ಹಾಗೇ ನಿಲ್ಲಿಸಿ, ಉಳಿದವರಿಗೆ ಹರ್ ನೇಮ್ ಈಸ್ ಎಂದು ಹೇಳಲು ಕಲಿಸಿದರು. ಹಲ್ಲುಬಿದ್ದ ಸಿಂಧಿ ಮುದುಕರು, ಮೊಗಲಾಯಿಯ ರೈತರು, ಅವರ ಹೆಂಡಂದಿರು, ಕರಾಚಿಯವಳು, ಎಲ್ಲ ಸೇರಿ ಒಂದೇ ದನಿಯಲ್ಲಿ ನಮ್ಮತ್ತೆಯ ಹುಡುಗಿ ಹೆಸರನ್ನು ಕೂಗಿದರು. ಮಾಸ್ತರರಿಗೆ ಸರಿ ಅನ್ನಿಸಲಿಲ್ಲ, ಮತ್ತೆ ಕೂಗಿಸಿದರು. ಅತ್ತೆ ಪಾಟಿಯನ್ನು ಎದೆಗೆ ಹಿಡಿದುಕೊಂಡು ನಿಂತಿದ್ದಳು. ಮುಖ ಕೆಂಪಾಗಿತ್ತು. ಸಾಕು ಅನ್ನಲಿಲ್ಲ.

ನನಗೆ ಕೆಂಡ ನುಂಗಿದ ಹಾಗಾಯಿತು. ಇಂಗ್ಲಿಷಿನ ಆಸೆಯನ್ನಾದರೆ ಕಷ್ಟಪಟ್ಟು ಮರೆಯಬಹುದು. ಇದು ಬೇರೆ. ಆ ಮನೆಯಲ್ಲಿ ನನ್ನನ್ನು ಮದುವೆಯ ದಿನ ಇಟ್ಟ ಹೊಸ ಹೆಸರಿನಿಂದಲೂ ಕರೆಯುತ್ತಿದ್ದುದು ಅಪರೂಪ, ಏ, ಕೇಳಿಲ್ಲೆ, ಎಲ್ಲಿ ಹೋದ್ಲು, ಇಷ್ಟರಲ್ಲೇ ಮುಗಿಯುತ್ತಿತ್ತು. ನಾನು ಚಹಾ ಇಳಿಸಿ ಬಂದೆ.

ಮರುದಿನ ಬೆಳಿಗ್ಗೆ ಇಬ್ಬರೂ ಎಲೆಯ ಮುಂದೆ ಕೂತಾಗ ನಾನು ತಡೆದುಕೊಳ್ಳಲಿಲ್ಲ.

“ಆ ಮಾತ ನನ್ನದಾಗಿತ್ರಿ. ನೀವು ತೊಗೊಂಡ್ರಿ.”

“ನಿಂದ” ಎಂದಳು ಅತ್ತೆ. ತಲೆ ಎತ್ತಲಿಲ್ಲ. “ನನ್ನ ಸೊಸಿ ಹೇಳಿದ ಮಾತು ಅಂತ ಮಾಸ್ತರ್ರಿಗೂ ಹೇಳೇನಿ.”

“ಮತ್ತ ನನಗೂ ಒಂದ ಜಾಗಾ ಯಾಕ ಕೇಳ್ಲಿಲ್ಲ?”

ಅತ್ತೆ ಒಂದು ಕಟ್ಟು ಕಟ್ಟಿ ಮುಗಿಸಿ ಪಕ್ಕಕ್ಕಿಟ್ಟಳು. ಆಮೇಲೆ ಮಾತಾಡಿದಳು, ನನ್ನ ಜೊತೆ ಅಷ್ಟು ಮಾತಾಡಿದ್ದು ಅದೇ ಮೊದಲು.

“ಕರಾಚಿ ಹುಡುಗಿ ಮದಲ್ನೇ ದಿನ ಎದ್ದ ನಿಂತು ಹೆಸರ ಹೇಳಿದ್ಲು. ನಾ ಚಾ ಹಿಡಕೊಂಡ ನಿಂತಿದ್ದೆ. ಮಾಸ್ತರ್ರು ಎಲ್ಲಾರನ್ನೂ ಕೇಳ್ಕೋತ ಬಾಗಲ ತನಕ ಬಂದ್ರು. ನನ್ನನ್ನೂ ಕೇಳ್ತಾರ ಅಂತ ಬಾಯಾಗ ತಂದ ಇಟಗೊಂಡಿದ್ದೆ. ಕೇಳ್ಲಿಲ್ಲ. ಚಾ ತಂದಾಕಿಗೆ ಯಾರ ಹೆಸರ ಕೇಳ್ತಾರ? ಹಾನಗಲ್ಲಾಗ ನಮ್ಮ ಮನಿ ಐತಿ, ಮಂದೀನೂ ಅದಾರ. ಆ ಹೆಸರ್ಲೆ ಕರಿಯಾವ್ರ ಯಾರೂ ಉಳದಿಲ್ಲ. ಅವ್ವ ಹೋದ್ಲು, ಅಪ್ಪ ಹೋದ, ಅಣ್ಣ ಪ್ಲೇಗಿನ್ಯಾಗ ಹೋದ. ಅಣ್ಣನ ಮಕ್ಕಳಿಗೆ ನಾ ಬರೇ ಸವಣೂರತ್ತಿ.”

ನಾನು ಕರಗಿ ನೀರಾದೆ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಬಾಯಿಂದ ಬಂದದ್ದು ಬೇರೆ.

“ನನ್ನ ಹೆಸರ ಬದಲ ಮಾಡಿದಾವ್ರು ಯಾರ್ರಿ?”

“ನಾನ” ಎಂದಳು ಅತ್ತೆ. “ನಾನ ಆರಿಸಿದ್ದು.”

ಬುಟ್ಟಿ ಖಾಲಿಯಾಗುವವರೆಗೆ ಎಲೆ ಕಟ್ಟಿದೆವು. ಸಂಜೆ ಆಕೆ ಪಾಟಿ ತೆಗೆದುಕೊಂಡು ಹೋದಳು, ನಾನು ಚಹಾ ಕಾಯಿಸಿದೆ.

ಮುಂಗಾರಿನ ಮೊದಲು ಮುಂಬಯಿಯಿಂದ ಸುದ್ದಿ ಬಂತು. ಸಿಂಧಿಯವರ ಮಗನಿಗೆ ಕ್ಯಾಂಪಿನಲ್ಲಿ ಜಾಗ ಸಿಕ್ಕಿತ್ತು. ಸಿಂಧಿ ಮುದುಕರು ಮಾವನನ್ನು ತಬ್ಬಿಕೊಂಡು ಅತ್ತರು. ಕರಾಚಿಯವಳು ಅತ್ತೆಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು, ಅತ್ತೆಯೂ ಇಂಗ್ಲಿಷಿನಲ್ಲೇ ಏನೋ ಉತ್ತರ ಕೊಟ್ಟಳು. ಇಬ್ಬರೂ ನಕ್ಕರು, ಇಬ್ಬರೂ ಕಣ್ಣೊರೆಸಿಕೊಂಡರು. ನಾನು ಗಾಡಿಯ ಗಾಲಿ ನೋಡುತ್ತಾ ನಿಂತಿದ್ದೆ. ಆಕೆ ಹೋಗುತ್ತಾ ತನ್ನ ಪಾಟಿಯನ್ನು ನನ್ನ ಕೈಯಲ್ಲಿಟ್ಟಳು. ಬೇಡ ಅನ್ನಲು ಅತ್ತೆ ಎದುರಿಗಿದ್ದಳು, ಇಸಿದುಕೊಂಡೆ. ಮಳೆ ಹಿಡಿದ ಮೇಲೆ ಮಾಸ್ತರರಿಗೆ ದಮ್ಮು ಜಾಸ್ತಿಯಾಗಿ ಕ್ಲಾಸು ನಿಂತಿತು, ಮತ್ತೆ ಶುರುವಾಗಲಿಲ್ಲ. ವಖಾರಿಯಲ್ಲಿ ಎಲೆಯ ಬುಟ್ಟಿಗಳನ್ನು ಪೇರಿಸಿದರು. ಅಲ್ಲಿಗೆ ನನ್ನ ಇಂಗ್ಲಿಷ್ ಮುಗಿಯಿತು, ಶುರುವಾಗದೇ ಇದ್ದದ್ದು ಮುಗಿಯುವುದಾದರೆ.

ಶ್ರಾವಣ ಬಂತು. ನಾಗರಪಂಚಮಿಗೆ ತವರಿಗೆ ಕರೆದೊಯ್ಯಲು ನನ್ನ ಅಣ್ಣ ರಟ್ಟೀಹಳ್ಳಿಯಿಂದ ಗಾಡಿ ತಂದ. ಅತ್ತೆ ಉಂಡಿಯ ಡಬ್ಬಿ ಕಟ್ಟಿ ಕೊಟ್ಟಳು, ಮೇಲೆ ನಾನೇ ಕಟ್ಟಿದ ಒಂದು ಕಟ್ಟು ಎಲೆ ಇಟ್ಟಳು. ನಾನು ಗಾಡಿ ಹತ್ತಿ ಕೂತೆ. ಆಕೆ ಹೊಸ್ತಿಲು ಇಳಿದು ಗಾಡಿಯ ಹತ್ತಿರ ಬಂದಳು. ಹಿಂದೆ ಎಂದೂ ಹಾಗೆ ಬಂದವಳಲ್ಲ.

“ನಿನ್ನ ಹೆಸರ ಏನಿತ್ತು?” ಎಂದು ಕೇಳಿದಳು.

ಹೇಳಿದೆ.

“ಚಂದ ಐತಿ” ಎಂದಳು. ಆ ಹೆಸರಿನಿಂದ ನನ್ನನ್ನು ಕರೆಯಲಿಲ್ಲ, ಮುಂದೆಯೂ ಎಂದೂ ಕರೆಯಲಿಲ್ಲ. “ಹೋಗು. ಹೋಗಿ ಕೇಳಿಸ್ಕೊಂಡ ಬಾ.”

ಅಣ್ಣ ಎತ್ತುಗಳನ್ನು ಚಪ್ಪರಿಸಿದ. ಗಾಡಿ ಹೊರಟ ಮೇಲೆ ಹಿಂದಿರುಗಿ ನೋಡಿದೆ. ಅತ್ತೆ ಇನ್ನೂ ಓಣಿಯಲ್ಲೇ ನಿಂತು ನನ್ನನ್ನು ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ವಖಾರಿಯ ಬಾಗಿಲಲ್ಲಿ ಚಹಾ ಹಿಡಿದುಕೊಂಡು ನಾನು ಒಳಗೆ ನೋಡುತ್ತಿದ್ದುದು ಹಾಗೆಯೇ. ಅದುವರೆಗೆ ನನ್ನನ್ನು ಕಂಡು ಯಾರೂ ಹೊಟ್ಟೆ ಉರಿದುಕೊಂಡಿರಲಿಲ್ಲ.

ಮರುದಿನ ರಟ್ಟೀಹಳ್ಳಿ ತಲುಪಿದಾಗ ದೀಪ ಹಚ್ಚುವ ಹೊತ್ತು. ಗಾಡಿಯ ಸದ್ದು ಕೇಳಿ ಅವ್ವ ಅಡಿಗೆಮನೆಯಿಂದಲೇ ನನ್ನ ಹೆಸರು ಹಿಡಿದು ಕೂಗಿದಳು. ನಾನು ಅಂಗಳದಲ್ಲಿ, ಡಬ್ಬಿ ಕಂಕುಳಲ್ಲಿಟ್ಟುಕೊಂಡು, ಇನ್ನೊಮ್ಮೆ ಕೂಗಲಿ ಎಂದು ಓಗೊಡದೆ ನಿಂತೆ.